ಬೇರೆ ಇಟ್ಟ ಗ್ಲಾಸು

ಉಪ್ಪನ ಅಂಗಡಿಯಲ್ಲಿ ಶರಬತ್ತಿನ ಗ್ಲಾಸು ಹನ್ನೆರಡು ಇದ್ದವು. ಹನ್ನೊಂದನ್ನು ನೀರಿನ ಬಾಲ್ದಿಯ ಪಕ್ಕ ಕವುಚಿ ಇಡುತ್ತಿದ್ದೆವು. ಒಂದು ಮಾತ್ರ ಮೇಲಿನ ಹಲಗೆಯಲ್ಲಿ, ಬೀಡಿ ಕಟ್ಟುಗಳ ಹಿಂದೆ ಇರುತ್ತಿತ್ತು. ಅದರ ಬುಡಕ್ಕೆ ಉಪ್ಪ ಕೆಂಪು ಪೈಂಟಿನ ಒಂದು ಚುಕ್ಕೆ ಇಟ್ಟಿದ್ದರು.

ಇದು 1997ರ ಮಾತು. ನನಗೆ ಆಗ ಒಂಬತ್ತು ವರ್ಷ. ನಮ್ಮದು ಕಾಸರಗೋಡಿನ ಉತ್ತರ ಭಾಗದ ಒಂದು ಊರು, ರಸ್ತೆ ಬದಿಯ ಜೀನಸಿನ ಅಂಗಡಿ. ಶಾಲೆ ಬಿಟ್ಟ ಮೇಲೆ ನಾನು ಅಂಗಡಿಯಲ್ಲಿ ಕೂರಬೇಕಿತ್ತು. ಆ ಗ್ಲಾಸು ಯಾರಿಗೆ ಎಂದು ಕೇಳಿದಾಗ ಉಪ್ಪ ಹೇಳಿದ್ದು ಇಷ್ಟೇ: "ಅವರು ಬಂದರೆ ನೀನು ಕೊಡಬೇಡ, ನನ್ನನ್ನು ಕರೆ." ಅವರು ಅಂದರೆ ಗಲ್ಫಿನಿಂದ ಅವಧಿಗೆ ಮೊದಲೇ ವಾಪಸ್ ಬಂದ ಒಬ್ಬರು ಕಾಕ. ಊರಿನಲ್ಲಿ ಅವರ ಬಗ್ಗೆ ಒಂದೇ ಶಬ್ದ ಓಡಾಡುತ್ತಿತ್ತು, "ಮೆಡಿಕಲ್ ಅನ್‌ಫಿಟ್". ಯಾವ ಕಾರಣಕ್ಕೆ ಎಂದು ಯಾರಿಗೂ ಖಾತ್ರಿ ಇರಲಿಲ್ಲ. ಖಾತ್ರಿ ಇಲ್ಲದ್ದರಿಂದಲೇ ಎಲ್ಲರೂ ಒಂದೇ ಕಾಯಿಲೆಯ ಹೆಸರು ಹೇಳುತ್ತಿದ್ದರು.

ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಆ ಗ್ಲಾಸನ್ನು ಮರೆತಿದ್ದೆ. ನಮ್ಮದೇ ಮನೆಯಲ್ಲಿ, ನನ್ನದೇ ಮಗಳ ಕೈಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಬಾಟ್ಲಿ ಕಂಡ ದಿನ ಅದು ನೆನಪಾಯಿತು.

ಮೊದಲು ಒಂದು ಮಾತು. ಇಲ್ಲಿ ಬರುವ ಹೆಂಗಸಿನ ಹೆಸರು, ಊರು, ವರ್ಷ ಯಾವುದನ್ನೂ ಬರೆದಿಲ್ಲ, ಗುರುತು ಸಿಗುವ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದ ಮೇಲೆಯೇ ಇದನ್ನು ಕಳುಹಿಸುತ್ತಿದ್ದೇನೆ.

ನಾನೂ ನನ್ನ ಹೆಂಡತಿಯೂ ಇಬ್ಬರೂ ಕೆಲಸಕ್ಕೆ ಹೋಗುವವರು. ಉಮ್ಮನಿಗೆ ಮೊಣಕಾಲು ನೋವು. ಮಗಳನ್ನು ನೋಡಿಕೊಳ್ಳಲು, ಮನೆಗೆಲಸಕ್ಕೆ ಎಂದು ಒಬ್ಬರು ಅಕ್ಕ ಬರುತ್ತಿದ್ದರು. ತುಳು ಮಾತಾಡುವವರು, ಐವತ್ತರ ಹತ್ತಿರದ ಪ್ರಾಯ. ಮಗಳಿಗೆ ಗಂಜಿ ಉಣಿಸುವುದು, ಮೀಯಿಸುವುದು, ಮಲಗಿಸುವುದು ಎಲ್ಲ ಅವರೇ. ಮಗಳು ಮೊದಲು ಕಲಿತ ನಾಲ್ಕು ಶಬ್ದಗಳಲ್ಲಿ ಎರಡು ತುಳು.

ಆ ಭಾನುವಾರ ಮಗಳು ಅಕ್ಕನ ಚೀಲದಿಂದ ಬಾಟ್ಲಿ ತೆಗೆದು ಗಿಲಕಿ ಆಡಿಸುವ ಹಾಗೆ ಆಡಿಸುತ್ತಿದ್ದಳು. ನಾನು ಕಸಿದುಕೊಂಡೆ. ಯಂತ್ರದ ಕೆಲಸದವನಿಗೆ ಯಾವ ಲೇಬಲ್ ಕಂಡರೂ ಓದುವ ಚಾಳಿ. ಡೋಲುಟೆಗ್ರಾವಿರ್, ಲ್ಯಾಮಿವುಡಿನ್, ಟೆನೊಫೊವಿರ್ ಎಂದು ಮೂರು ಹೆಸರು. ಹೆಂಡತಿ ಫೋನಿನಲ್ಲಿ ಹುಡುಕಿದಳು. ಎಚ್‌ಐವಿಗೆ ಕೊಡುವ ಮಾತ್ರೆ.

ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಹೆಂಡತಿ ಮಗಳ ಮೈಯೆಲ್ಲ ಹುಡುಕಿ, ತರಚಿದ ಗಾಯ ಉಂಟಾ ಎಂದು ನೋಡಿದಳು. ಉಮ್ಮ ಅಕ್ಕ ಕುಡಿಯುವ ಲೋಟ ತೆಗೆದು ಬೇರೆ ಇಟ್ಟರು. ನಾನು ಅದನ್ನು ನೋಡಿಯೂ ಸುಮ್ಮನಿದ್ದೆ. "ನಾಳೆ ಏನಾದರೂ ನೆಪ ಹೇಳಿ ಬಿಡಿಸಿಬಿಡು. ಮಗುವಿನ ವಿಷಯ" ಎಂದರು ಉಮ್ಮ. ಮಗುವಿನ ವಿಷಯ ಎಂದ ಮೇಲೆ ಎದುರು ಮಾತಿಗೆ ಜಾಗ ಇರುವುದಿಲ್ಲ.

ಉಪ್ಪ ಮಾತ್ರ ಏನೂ ಹೇಳದೆ ಆ ಲೋಟವನ್ನೇ ನೋಡುತ್ತಾ ಕೂತಿದ್ದರು.

ನನಗೆ ನಿದ್ದೆ ಬರಲಿಲ್ಲ. ಆಮೇಲೆ ಸುಮಾರು ದಿನ ಈ ಹೆದರಿಕೆ ಎಲ್ಲಿಂದ ಬಂತು ಎಂದು ಹುಡುಕಿ ಓದಿದೆ. ಓದಿದ್ದರಲ್ಲಿ ಖಾತ್ರಿಯಾದದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಅಲ್ಲಿನ ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಪರೀಕ್ಷೆಗೆ ವೆಲ್ಲೂರಿಗೆ ಒಯ್ದರು. ಈ ಕಾಯಿಲೆ ಹೊರದೇಶದ್ದು, ನಮಗಿಲ್ಲ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಅದೇ 1986ರಲ್ಲಿ ಅಮೆರಿಕದ ವೈದ್ಯರು ಇನ್ನೊಂದು ಪ್ರಶ್ನೆಗೆ ಉತ್ತರ ಪ್ರಕಟಿಸಿದ್ದರು. ನಮ್ಮ ಮನೆಯಲ್ಲಿ ಆ ರಾತ್ರಿ ಎದ್ದದ್ದು ಅದೇ ಪ್ರಶ್ನೆ. ಒಂದೇ ಮನೆಯಲ್ಲಿ ಇದ್ದರೆ ಬರುತ್ತದಾ? ನ್ಯೂಯಾರ್ಕಿನಲ್ಲಿ 39 ರೋಗಿಗಳ ಮನೆಯಲ್ಲಿ ಜೊತೆಗೆ ವಾಸವಿದ್ದ 101 ಮಂದಿಯನ್ನು ಅವರು ಪರೀಕ್ಷಿಸಿದ್ದರು. ಗಂಡ ಹೆಂಡತಿಯರಲ್ಲ, ಉಳಿದ ಮನೆಯವರು, ಅದರಲ್ಲಿ ಮಕ್ಕಳೂ ಬಹಳ. ಒಂದೇ ತಟ್ಟೆ, ಲೋಟ, ಟವೆಲು, ಕಕ್ಕಸು ಬಳಸಿದವರು. ಸೋಂಕು ಕಂಡದ್ದು ಒಂದು ಮಗುವಿನಲ್ಲಿ ಮಾತ್ರ. ಆ ಮಗುವಿಗೂ ಅದು ತಾಯಿಯಿಂದ, ಹುಟ್ಟಿನ ಹೊತ್ತಿಗೆ ಬಂದದ್ದಿರಬೇಕು ಎಂದು ಅವರು ಬರೆದರು. ಅಂದರೆ ಉಪ್ಪ ಗ್ಲಾಸಿಗೆ ಕೆಂಪು ಚುಕ್ಕೆ ಇಡುವುದಕ್ಕೆ ಹನ್ನೊಂದು ವರ್ಷ ಮೊದಲೇ, ಗ್ಲಾಸಿನಿಂದ ಬರುವುದಿಲ್ಲ ಎಂಬುದು ಅಚ್ಚಾಗಿತ್ತು. ಅದು ನಮ್ಮ ಅಂಗಡಿಯವರೆಗೆ ಬರಲಿಲ್ಲ.

ಅದಕ್ಕೆ ಮೊದಲು ಬಂದದ್ದು ಹೆದರಿಕೆ. ನಮ್ಮ ಕರಾವಳಿಯದೇ ಉದಾಹರಣೆ ಗೋವಾದ್ದು. 1989ರ ಫೆಬ್ರವರಿಯಲ್ಲಿ ಡೊಮಿನಿಕ್ ಡಿಸೋಜ ಎಂಬ ಯುವಕನನ್ನು ಪೊಲೀಸರು ಕರೆದೊಯ್ದರು. ಆತ ಮಾಡಿದ್ದ ತಪ್ಪು ಏನೂ ಇಲ್ಲ. ನಿಯಮಿತವಾಗಿ ರಕ್ತದಾನ ಮಾಡುತ್ತಿದ್ದವನು, ಆ ರಕ್ತದ ಪರೀಕ್ಷೆಯಲ್ಲಿ ಎಚ್‌ಐವಿ ಕಂಡಿತ್ತು. ಗೋವಾದ ಸಾರ್ವಜನಿಕ ಆರೋಗ್ಯ ಕಾನೂನಿನಲ್ಲಿ ಸೋಂಕಿತರನ್ನು ಪ್ರತ್ಯೇಕ ಇಡುವ ಅವಕಾಶ ಮಾಡಿಕೊಂಡಿದ್ದರು. ಬಳಕೆ ನಿಂತಿದ್ದ ಹಳೆಯ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ ಆತನನ್ನು 64 ದಿನ ಇಟ್ಟರು. ತಾಯಿ ಲೂಸಿ ಡಿಸೋಜ ಬಾಂಬೆ ಹೈಕೋರ್ಟಿಗೆ ಹೋದರು. ಮಗ ಹೊರಗೆ ಬಂದ, ಆದರೆ ಕೋರ್ಟು ಆ ಕಾನೂನನ್ನು ತಪ್ಪು ಎನ್ನಲಿಲ್ಲ. ಡೊಮಿನಿಕ್ 1992ರಲ್ಲಿ ತೀರಿಕೊಂಡರು. ಅದಕ್ಕೆ ಮೊದಲು ತನ್ನಂಥವರಿಗಾಗಿ ಗೋವಾದಲ್ಲಿ ಒಂದು ಸಂಸ್ಥೆ ಕಟ್ಟಿದ್ದರು. 'ಮೈ ಬ್ರದರ್ ನಿಖಿಲ್' ಎಂಬ ಹಿಂದಿ ಸಿನಿಮಾಕ್ಕೆ ಅವರ ಬದುಕೇ ಮೂಲ.

ಸರಕಾರವೇ ಬೇರೆ ಇಟ್ಟ ಮೇಲೆ ಒಬ್ಬ ಅಂಗಡಿಯವನು ಒಂದು ಗ್ಲಾಸು ಬೇರೆ ಇಟ್ಟದ್ದು ಆಶ್ಚರ್ಯವಲ್ಲ.

ಕೇರಳದಲ್ಲಿ ಈ ಹೆದರಿಕೆ ತಂದೆತಾಯಿಯರ ಬಾಯಿಂದ ಕೇಳಿಸಿದ್ದು 2003ರಲ್ಲಿ. ಕೊಲ್ಲಂ ಜಿಲ್ಲೆಯಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಅಕ್ಕ ತಮ್ಮಂದಿರಿಬ್ಬರಿಗೆ ಎಚ್‌ಐವಿ ಇತ್ತು. ಅವರು ಶಾಲೆಗೆ ಬಂದರೆ ನಮ್ಮ ಮಕ್ಕಳನ್ನು ಕಳುಹಿಸುವುದಿಲ್ಲ ಎಂದು ಉಳಿದ ಮಕ್ಕಳ ಹೆತ್ತವರು ಹಠ ಹಿಡಿದರು. ಆಗಿನ ಕೇಂದ್ರ ಆರೋಗ್ಯ ಸಚಿವೆ ಸುಷ್ಮಾ ಸ್ವರಾಜ್ ಎಲ್ಲರ ಎದುರು ಆ ಮಕ್ಕಳನ್ನು ಅಪ್ಪಿಕೊಂಡರು. ಪೇಪರಿನಲ್ಲಿ ಬಂದ ಆ ಪಟ ನನಗೆ ನೆನಪುಂಟು. ನಾನಾಗ ಹೈಸ್ಕೂಲು. ಅಂಗಡಿಯಲ್ಲಿ ಕೂತವರು, "ಅವರಿಗೇನು, ಫೋಟೋ ತೆಗೆದು ದಿಲ್ಲಿಗೆ ಹೋದರು. ನಮ್ಮ ಮಕ್ಕಳು ದಿನಾ ಒಟ್ಟಿಗೆ ಕೂರಬೇಕಲ್ಲ" ಎಂದಿದ್ದರು. ನಾನೂ ತಲೆಯಾಡಿಸಿದ್ದೆ. ಆ ಹೆತ್ತವರು ಕೆಟ್ಟವರಾಗಿರಲಿಲ್ಲ. ನನ್ನ ಹೆಂಡತಿ ಮಗಳ ಮೈ ಹುಡುಕಿದ ಹಾಗೆ ಅವರೂ ತಮ್ಮ ಮಕ್ಕಳ ಮೈ ಹುಡುಕಿರಬೇಕು.

ಇನ್ನು ನಮ್ಮ ಸಮುದಾಯಕ್ಕೆ ಈ ಚರಿತ್ರೆಯಲ್ಲಿ ಬೇರೆಯೇ ಒಂದು ಬಾಗಿಲು ಉಂಟು, ಅದು ಗಲ್ಫ್. ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗುವವರ ರಕ್ತದಲ್ಲಿ ಎಚ್‌ಐವಿ ನೋಡುತ್ತಾರೆ, ಎದೆಯ ಎಕ್ಸ್‌ರೇಯಲ್ಲಿ ಕ್ಷಯ ನೋಡುತ್ತಾರೆ. ಅಲ್ಲಿ ಇಳಿದ ಮೇಲೆಯೂ ವಾಸದ ಪರವಾನಗಿಗಾಗಿ ಪರೀಕ್ಷೆ ಇರುತ್ತದೆ. ಎಚ್‌ಐವಿ ಕಂಡರೆ ವಾಪಸ್. ಬ್ಯಾರಿ ಮನೆಗಳಲ್ಲಿ 'ಮೆಡಿಕಲ್' ಅಂದರೆ ಏನೆಂದು ವಿವರಿಸಬೇಕಾಗಿಲ್ಲ. ಪಾಸ್‌ಪೋರ್ಟಿನ ಜೊತೆ ಅದೂ ನಮ್ಮ ಬದುಕಿನ ಭಾಗ.

ಇದರಿಂದ ಎರಡು ಸಂಗತಿ ಆದವು. ಒಂದು, ಎಷ್ಟೋ ಮನೆಗಳ ಗಂಡಸರು ಸಾಲ ಮಾಡಿ ಹೋಗಿ, ಒಂದು ಕಾಗದದಿಂದ ಕೆಲಸ ಕಳೆದುಕೊಂಡು ಮುಚ್ಚಿದ ಬಾಯಿಯಲ್ಲಿ ಊರಿಗೆ ಬಂದರು. ಕಾರಣ ಕ್ಷಯವೋ, ಕಾಮಾಲೆಯೋ, ಎಚ್‌ಐವಿಯೋ ಎಂದು ಹೇಳಿಕೊಳ್ಳಲಿಲ್ಲ. ಇನ್ನೊಂದು, ಅಲ್ಲಿಯ ಪದ್ಧತಿಯನ್ನು ನಾವು ಇಲ್ಲಿಗೂ ತಂದೆವು. "ಮನೆಗೆ ಕೆಲಸದವರನ್ನು ಇಡುವುದಾದರೆ ಮೊದಲು ಮೆಡಿಕಲ್ ಮಾಡಿಸಬೇಕು, ದುಬೈಯಲ್ಲಿ ಹಾಗೆಯೇ" ಎಂದು ನನ್ನ ನೆಂಟರೊಬ್ಬರು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅಲ್ಲಿ ನಾವು ಕೆಲಸದವರು. ಸೂಜಿ ಚುಚ್ಚಿಸಿಕೊಂಡು ಕಾಗದಕ್ಕಾಗಿ ಕಾಯುವವರು. ಇಲ್ಲಿಗೆ ಬಂದ ಮೇಲೆ ಇನ್ನೊಬ್ಬರನ್ನು ಅದೇ ಸಾಲಿನಲ್ಲಿ ನಿಲ್ಲಿಸಲು ಹೊರಟೆವು.

ಇಲ್ಲಿ ಕಾನೂನು ಬೇರೆ ದಾರಿ ಹಿಡಿಯಿತು. 1997ರಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಒಬ್ಬ ದಿನಗೂಲಿ ಕೆಲಸಗಾರನ ಪ್ರಕರಣ ಬಂತು. ಸಾರ್ವಜನಿಕ ವಲಯದ ನಿಗಮವೊಂದು ಎಚ್‌ಐವಿ ಕಾರಣ ಹೇಳಿ ಕೆಲಸ ನಿಲ್ಲಿಸಿತ್ತು. ಕೆಲಸ ಮಾಡಲು ಶಕ್ತನಿದ್ದು, ಇತರರಿಗೆ ಅಪಾಯ ಇಲ್ಲದಿದ್ದರೆ ಎಚ್‌ಐವಿ ಇರುವ ಒಂದೇ ಕಾರಣಕ್ಕೆ ಕೆಲಸ ನಿರಾಕರಿಸುವ ಹಾಗಿಲ್ಲ ಎಂದು ಕೋರ್ಟು ಹೇಳಿತು. ಕೋರ್ಟು ಆತನ ಹೆಸರನ್ನೂ ಮರೆಮಾಡಿತು, ತೀರ್ಪಿನಲ್ಲಿ ಇರುವುದು ಎರಡು ಇಂಗ್ಲಿಷ್ ಅಕ್ಷರ ಮಾತ್ರ. ಅದೇ ವರ್ಷ ನಮ್ಮ ಅಂಗಡಿಯಲ್ಲಿ ಕೆಂಪು ಚುಕ್ಕೆಯ ಗ್ಲಾಸು ಮೇಲಿನ ಹಲಗೆಯಲ್ಲಿತ್ತು.

ಮದ್ದಿನ ಚರಿತ್ರೆಯೂ ಅಷ್ಟೇ ಮುಖ್ಯ. 1996ರ ಹೊತ್ತಿಗೆ ಮೂರು ಮದ್ದು ಒಟ್ಟಿಗೆ ಕೊಟ್ಟರೆ ವೈರಸ್ ತಗ್ಗುತ್ತದೆ ಎಂದು ಗೊತ್ತಾಯಿತು. ಆದರೆ ಬೆಲೆ ಬಡವರ ಕೈಗೆ ಎಟುಕುವಂತಿರಲಿಲ್ಲ. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪೆನಿಯ ಯೂಸುಫ್ ಹಮೀದ್ ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ, ಮದ್ದು ಕೊಡುತ್ತೇನೆ ಎಂದರು. 2004ರ ಏಪ್ರಿಲ್ 1ರಂದು ಭಾರತ ಸರಕಾರ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭಿಸಿತು. 2017ರಿಂದ ಸೋಂಕು ಕಂಡ ಎಲ್ಲರಿಗೂ ಕಾಯದೆ ಮದ್ದು ಶುರು ಮಾಡುವ ಕ್ರಮ ಬಂತು. ಅಕ್ಕನ ಚೀಲದಲ್ಲಿದ್ದ ಬಾಟ್ಲಿಯ ಹಿಂದೆ ಇಷ್ಟು ದೊಡ್ಡ ಕಥೆ ಉಂಟು. ದಿನಕ್ಕೆ ಒಂದು ಮಾತ್ರೆ ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದು ನಿಂತವರಿಂದ ಗಂಡ ಹೆಂಡಿರ ಸಂಬಂಧದಲ್ಲಿಯೂ ಸೋಂಕು ದಾಟುವುದಿಲ್ಲ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಹಾಗಿರುವಾಗ ಗಂಜಿಯ ಚಮಚದ ಮಾತೆಲ್ಲಿ?

ಇಷ್ಟು ಓದಿದರೂ ತಂದೆಯ ಮನಸ್ಸಿಗೆ ಒಬ್ಬ ಮನುಷ್ಯನ ಬಾಯಿಂದ ಕೇಳಬೇಕು ಅನಿಸಿತು. ಹೆಂಡತಿಯೂ ನಾನೂ ಒಬ್ಬರು ಮಕ್ಕಳ ವೈದ್ಯರಲ್ಲಿಗೆ ಹೋದೆವು. ಅಕ್ಕನ ಹೆಸರು ಹೇಳಲಿಲ್ಲ, ಅವರೂ ಕೇಳಲಿಲ್ಲ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ಎಚ್‌ಐವಿ ದಾಟುವ ದಾರಿ ಕೆಲವೇ. ಲೈಂಗಿಕ ಸಂಪರ್ಕ, ರಕ್ತ, ಸೋಂಕಿನ ಸೂಜಿ, ಮತ್ತು ತಾಯಿಯಿಂದ ಮಗುವಿಗೆ ಬಸಿರು, ಹೆರಿಗೆ, ಮೊಲೆಹಾಲಿನ ಮೂಲಕ. ಎತ್ತಿಕೊಂಡರೆ, ಮುತ್ತು ಕೊಟ್ಟರೆ, ಮೀಯಿಸಿದರೆ, ಅಡುಗೆ ಮಾಡಿ ಉಣಿಸಿದರೆ, ಒಂದೇ ಕಕ್ಕಸು ಬಳಸಿದರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾದಲ್ಲಿ ನಮಗೆ ಕಲಿಸಿದ್ದೂ ಇದನ್ನೇ. ಟ್ಯಾಂಕಿಯಲ್ಲಿ ಎಷ್ಟು ಒತ್ತಡ ಇದ್ದರೂ ಪೈಪು ಇಲ್ಲದ ಕಡೆಗೆ ಅದು ಹೋಗುವುದಿಲ್ಲ. ಮೊದಲು ಪೈಪು ಎಲ್ಲುಂಟು ನೋಡಬೇಕು.

ಮಗುವನ್ನು ನೋಡಿಕೊಳ್ಳುವ ಮನೆಯಲ್ಲಿ ನಿಜವಾಗಿ ನೆನಪಿಡಬೇಕಾದ್ದನ್ನೂ ವೈದ್ಯರು ಹೇಳಿದರು. ಹೆತ್ತ ತಾಯಿಯಲ್ಲದ ಬೇರೆ ಯಾರೂ ಮಗುವಿಗೆ ಮೊಲೆಹಾಲು ಕೊಡಬಾರದು. ನಮ್ಮಲ್ಲಿ ಹಾಲಿನ ಸಂಬಂಧಕ್ಕೆ ಬೇರೆಯೇ ಲೆಕ್ಕ ಇರುವುದರಿಂದ ಈಗ ಅದು ಹೇಗೂ ಅಪರೂಪ. ಎರಡನೆಯದು, ಬಾಯಲ್ಲಿ ಅಗಿದು ಮಗುವಿಗೆ ಕೊಡುವ ಹಳೆಯ ಅಭ್ಯಾಸ. ಅಗಿದ ಊಟಕ್ಕೆ ವಸಡಿನ ರಕ್ತ ಬೆರೆತು ಮೂವರು ಮಕ್ಕಳಿಗೆ ಸೋಂಕು ದಾಟಿರಬಹುದು ಎಂದು ಅಮೆರಿಕದ ವೈದ್ಯರು 2009ರಲ್ಲಿ ಪ್ರಕಟಿಸಿದ್ದಾರೆ. ಇದನ್ನು ಯಾರೂ ಮಾಡಬಾರದು, ಸ್ವಂತ ಅಜ್ಜಿಯೂ ಮಾಡಬಾರದು. ನನಗೆ ಮೀನಿನ ಮುಳ್ಳು ತೆಗೆದು, ಅಗಿದು ಮೆತ್ತಗೆ ಮಾಡಿ ಉಣಿಸಿದ್ದು ಉಮ್ಮನೇ. ಅದನ್ನು ಮನೆಯಲ್ಲಿ ಹೇಳಿದಾಗ ಉಮ್ಮ ಸುಮ್ಮನಾದರು. ಮೂರನೆಯದು, ಗಾಯವಾದರೆ ಮುಚ್ಚಿ ಕಟ್ಟುವುದು, ಬ್ಲೇಡು, ಹಲ್ಲಿನ ಬ್ರಶ್ಶು ಹಂಚಿಕೊಳ್ಳದಿರುವುದು. ಇದೂ ಎಲ್ಲರಿಗೂ.

ಆಮೇಲೆ ವೈದ್ಯರು ನಾವು ಕೇಳದೇ ಇದ್ದದ್ದನ್ನು ಕೇಳಿದರು. "ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಉಂಟಾ?" ಗಾಳಿಯಲ್ಲಿ ದಾಟುವ ಕಾಯಿಲೆ ಕ್ಷಯ. ಎಚ್‌ಐವಿಗೆ ಮದ್ದು ತೆಗೆದುಕೊಳ್ಳದವರಿಗೆ ಕ್ಷಯ ಬೇಗ ಹಿಡಿಯುತ್ತದೆ. ಎಆರ್‌ಟಿ ಕೇಂದ್ರಕ್ಕೆ ನಿಯಮಿತವಾಗಿ ಹೋಗುವವರನ್ನು ಕೆಮ್ಮು, ಜ್ವರ, ತೂಕ ಎಂದು ಪ್ರತಿ ಸಲ ವಿಚಾರಿಸುತ್ತಾರೆ. ಅಂದರೆ ಮದ್ದು ಬಿಡದೆ ತಿನ್ನುವ ಕೆಲಸದವರಿಗಿಂತ, ತಿಂಗಳಿಂದ ಕೆಮ್ಮುತ್ತಾ ಪರೀಕ್ಷೆಗೇ ಹೋಗದ ನೆಂಟರಿಂದ ಮಗುವಿಗೆ ಅಪಾಯ ಹೆಚ್ಚು. ಆ ವರ್ಷದ ಮಳೆಗಾಲದಲ್ಲಿ ಉಪ್ಪ ಎಷ್ಟು ದಿನ ಕೆಮ್ಮಿದರು ಎಂದು ನಾನು ಲೆಕ್ಕ ಇಟ್ಟಿರಲಿಲ್ಲ.

ಕೊನೆಗೆ, ಬಾಟ್ಲಿ ಮಗಳ ಕೈಯಲ್ಲಿತ್ತು ಎಂದು ಹೆಂಡತಿ ಹೇಳಿದಾಗ ವೈದ್ಯರು ಮೊದಲ ಸಲ ಕುರ್ಚಿಯಲ್ಲಿ ಮುಂದೆ ಬಾಗಿದರು. "ಮುಚ್ಚಳ ತೆಗೆದಿದ್ದಳಾ? ಎಷ್ಟು ಮಾತ್ರೆ ಉಂಟು ಎಂದು ಎಣಿಸಿದಿರಾ?" ನಾವು ಎಣಿಸಿರಲಿಲ್ಲ. ಮುಚ್ಚಳ ಹಾಕಿಯೇ ಇತ್ತು, ಅದು ನಮ್ಮ ಪುಣ್ಯ. ಆ ಭಾನುವಾರ ಮಗಳಿಗಿದ್ದ ನಿಜವಾದ ಅಪಾಯ ಅದೊಂದೇ. ನಾವು ಲೋಟ ಬೇರೆ ಇಡುವುದರಲ್ಲಿದ್ದೆವು. ನಮ್ಮ ಉಪ್ಪನ ಬಿಪಿ ಮಾತ್ರೆ ಅದೇ ದಿನವೂ ಮಗುವಿನ ಕೈಗೆ ಸಿಗುವಂತೆ ತಲೆದಿಂಬಿನ ಪಕ್ಕ ಇತ್ತು.

ಮರುದಿನ ಹೆಂಡತಿಯೇ ಅಕ್ಕನೊಡನೆ ಮಾತಾಡಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಬಾಟ್ಲಿ ನೋಡಿದ್ದೇವೆ ಎಂದಾಗ ಅಕ್ಕ ಏನೂ ಹೇಳದೆ ಕೈ ಒರೆಸಿಕೊಂಡು ಚೀಲ ತೆಗೆದುಕೊಂಡರು. ಹೊರಡಲು ತಯಾರಾಗಿಯೇ ಇದ್ದವರ ಹಾಗೆ. ಹಿಂದಿನ ಮನೆಯಲ್ಲಿ ಗೊತ್ತಾದಾಗ ಅವರು ಮಲಗುತ್ತಿದ್ದ ಚಾಪೆಯನ್ನು ಅವರೆದುರೇ ಸುಟ್ಟಿದ್ದರಂತೆ.

"ಹೋಗಬೇಡಿ ಅಕ್ಕ. ಚೀಲವನ್ನು ಮೇಲೆ ಇಡಿ, ಮಗುವಿಗೆ ಸಿಗದ ಹಾಗೆ. ಅಷ್ಟೇ" ಎಂದಳು ಹೆಂಡತಿ.

ಹೇಗೆ ಬಂತು ಎಂದು ನಾವು ಕೇಳಲಿಲ್ಲ. ಅದು ಮಗಳನ್ನು ನೋಡಿಕೊಳ್ಳುವುದಕ್ಕೆ ಬೇಕಾದ ವಿಷಯವಲ್ಲ. ಮದ್ದು ತರಲು ಹೋಗುವ ದಿನ ಸಂಬಳ ಕಡಿಯದೆ ರಜೆ ಎಂದು ತೀರ್ಮಾನಿಸಿದೆವು. ಅದುವರೆಗೆ ಅವರು ತಂಗಿಯ ಮಗಳ ಸೀಮಂತ, ನೆಂಟರ ಸಾವು ಎಂದು ಸುಳ್ಳು ಹೇಳಿ ಹೋಗುತ್ತಿದ್ದರು.

ಉಮ್ಮ ಒಪ್ಪಲು ಸಮಯ ಬೇಕಾಯಿತು. ವೈದ್ಯರ ಮಾತು ಕೇಳಿದರೂ ಎರಡು ವಾರ ಆ ಲೋಟ ಬೇರೆಯೇ ಇತ್ತು. ನಾನು ಜಗಳ ಮಾಡಲಿಲ್ಲ. ಒಂದು ಸಂಜೆ ಉಪ್ಪ ಅಡುಗೆಮನೆಗೆ ಹೋಗಿ ಅದೇ ಲೋಟದಲ್ಲಿ ನೀರು ಕುಡಿದು, ತೊಳೆದು, ಉಳಿದ ಲೋಟಗಳ ಸಾಲಿನಲ್ಲಿ ಇಟ್ಟರು. ಹೊರಗೆ ಬಂದು ನನ್ನ ಹತ್ತಿರ ಕೂತರು.

"ಆ ಅಂಗಡಿಯ ಗ್ಲಾಸು ನಿನಗೆ ನೆನಪುಂಟಾ?" ಎಂದರು.

ಉಂಟು ಎಂದೆ.

"ಅವರಿಗೆ ಗೊತ್ತಿತ್ತು. ಒಂದು ದಿನ ಗ್ಲಾಸು ಎತ್ತಿ ಬುಡ ನೋಡಿದರು. ಆಮೇಲೆ ಬಂದಾಗಲೆಲ್ಲ ಬೀಡಿ ಮಾತ್ರ ಕೇಳುತ್ತಿದ್ದರು, ಶರಬತ್ತು ಬೇಡ ಎನ್ನುತ್ತಿದ್ದರು. ಅವರ ಮಯ್ಯತ್ತಿಗೆ ಹೋದಾಗ ಅವರ ತಮ್ಮ ಹೇಳಿದ. ಎದೆಯ ಎಕ್ಸ್‌ರೇಯಲ್ಲಿ ಹಳೆಯ ಕಲೆ ಇತ್ತಂತೆ. ಅದಕ್ಕೇ ಅನ್‌ಫಿಟ್ ಆದದ್ದು. ಬೇರೆ ಏನೂ ಇರಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಉಪ್ಪ ಮತ್ತೆ ಹೇಳಿದರು, "ಇದ್ದಿದ್ದರೂ ನಾನು ಮಾಡಿದ್ದು ಸರಿಯಾಗುತ್ತಿರಲಿಲ್ಲ ಎಂದು ಈಗ ಗೊತ್ತಾಯಿತು."

ಓದುವ ಮನೆಯವರಿಗೆ ಉಪಯೋಗ ಆಗಲಿ ಎಂದು ಕಾನೂನಿನ ಮಾತು ಕೂಡ ಬರೆದುಬಿಡುತ್ತೇನೆ. ಸಂಸತ್ತು 2017ರಲ್ಲಿ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಮಾಡಿತು. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಕೆಲಸ ಕೊಡುವುದಕ್ಕೆ ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವ ಹಾಗಿಲ್ಲ. ಸೋಂಕಿದೆ ಎಂಬ ಕಾರಣಕ್ಕೆ ಕೆಲಸದಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಬಾಡಿಗೆ ಮನೆಯಲ್ಲಿ ಭೇದ ಮಾಡುವ ಹಾಗಿಲ್ಲ. ಒಬ್ಬರ ಸೋಂಕಿನ ವಿಷಯ ನಮ್ಮ ಕಿವಿಗೆ ಬಿದ್ದರೆ ಅದನ್ನು ಪಕ್ಕದ ಮನೆಗೆ, ಕುಟುಂಬದ ವಾಟ್ಸಾಪ್ ಗುಂಪಿಗೆ ದಾಟಿಸುವ ಹಕ್ಕು ನಮಗಿಲ್ಲ. ಸಂಶಯ ಇದ್ದರೆ ಕೇಳಲು ಸರಕಾರದ ಉಚಿತ ಸಹಾಯವಾಣಿ 1097 ಉಂಟು.

ಭಾರತದಲ್ಲಿ ಸುಮಾರು 24 ಲಕ್ಷ ಮಂದಿ ಎಚ್‌ಐವಿ ಜೊತೆ ಬದುಕುತ್ತಿದ್ದಾರೆ ಎಂಬುದು 2021ರ ಸರಕಾರಿ ಅಂದಾಜು. ಅವರಲ್ಲಿ ಅಡುಗೆ ಮಾಡುವವರು, ಮಕ್ಕಳನ್ನು ನೋಡಿಕೊಳ್ಳುವವರು, ಅಂಗಡಿ ಇಟ್ಟವರು, ಗಲ್ಫಿಗೆ ಹೋಗಲಾರದೆ ಊರಲ್ಲೇ ಉಳಿದವರು ಎಲ್ಲ ಇರುತ್ತಾರೆ. ನಮ್ಮ ಮನೆಯವರೂ ಇರಬಹುದು.

ಅಕ್ಕ ಈಗಲೂ ಬರುತ್ತಾರೆ. ಮಗಳು ಅಂಗನವಾಡಿಗೆ ಹೋಗಲು ಶುರು ಮಾಡಿದ್ದಾಳೆ. ಬಾಗಿಲ ಹಿಂದೆ, ನನ್ನ ತಲೆಯ ಎತ್ತರಕ್ಕೆ, ಎರಡು ಮೊಳೆ ಹೊಡೆದಿದ್ದೇನೆ. ಒಂದರಲ್ಲಿ ಅಕ್ಕನ ಚೀಲ, ಇನ್ನೊಂದರಲ್ಲಿ ಉಪ್ಪನ ಬಿಪಿ ಮಾತ್ರೆಯ ಚೀಲ.